ಗಾಳಿ ಇಳಿಸದ ನೆವಿಲ್

ರೇನ್‌ಬೋ ಬೀಚಿನ ಮರಳಿಗೆ ಇಳಿಯುವ ಮೊದಲು, ಚಕ್ರ ಹೂತುಕೊಳ್ಳದಂತೆ, ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕೆಂಬುದು ನಮ್ಮ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳಿಗೂ ಗೊತ್ತು, ಆದರೆ ನನ್ನ ಗೆಳೆಯ ನೆವಿಲ್ ಮಾತ್ರ "ಒಳ್ಳೇ ಗಾಳಿ ಕಣೋ, ಯಾಕೆ ಹಾಳು ಮಾಡ್ಲಿ?" ಎನ್ನುತ್ತಿದ್ದ. ಪ್ರತಿ ಭಾನುವಾರ ಹಳೆಯ ಜೀಪನ್ನು ಮೆತ್ತನೆಯ ಮರಳಿಗೇ ನುಗ್ಗಿಸಿ, ಚಕ್ರಗಳು ಹೂತುಕೊಂಡೊಡನೆ, ತನ್ನ ಅಪ್ಪಣೆಯಂತೆಯೇ ಹೂತವೇನೋ ಎಂಬ ಠೀವಿಯಿಂದ ಕೆಳಗಿಳಿಯುತ್ತಿದ್ದ. ಹೋಗುವ ಬರುವ ಗಾಡಿಯವರು ನಿಂತು ಸಲಿಕೆ, ಹಗ್ಗ ತೆಗೆಯುವಷ್ಟರಲ್ಲಿ ಇವನು ಒಲೆ ಹೊತ್ತಿಸಿ ಸಾಸೇಜ್ ಹುರಿಯತೊಡಗಿ, ಅಲ್ಲಿಂದಲೇ ಅವರು ಅಗೆಯುವುದರಲ್ಲಿ ತಪ್ಪು ಹುಡುಕುತ್ತಿದ್ದ. ಒಮ್ಮೆ ಉಬ್ಬರದ ನೀರು ಜೀಪಿನ ಬಾಗಿಲಿಗೇ ಬಡಿಯಿತು. "ಲೋ ಮುದಿಯ, ಗಾಡಿ ಸಮುದ್ರದ ಪಾಲಾಗ್ತಿದೆಯೋ!" ಎಂದು ಕಿರುಚಿದೆ. "ಅದಕ್ಕೆ ಈಜು ಬರುತ್ತೆ ಬಿಡೋ. ನೀನು ಈರುಳ್ಳಿ ತಿರುವು, ಸೀದುಹೋಗುತ್ತೆ," ಎಂದ. ಗುರುತಿಲ್ಲದ ಹತ್ತಾರು ಜನ ಮೊಣಕಾಲುದ್ದ ನೀರಿನಲ್ಲಿ ನಿಂತು, ಅವನನ್ನು ಬಾಯಿತುಂಬ ಬೈಯುತ್ತಲೇ, ಜೀಪನ್ನು ಎಳೆದು ಉಳಿಸಿದರು. ಆಮೇಲೆ ಅವನು ಹಿಂಬದಿಯಿಂದ ಮಡಿಸುವ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿ, ಅವರನ್ನೆಲ್ಲ ಕೂರಿಸಿ, ಹೆಸರು ಕೇಳಿ ಕೇಳಿ ಬಡಿಸಿದ. ಹೆಂಡತಿ ಬೆರಿಲ್ ತೀರಿಕೊಂಡಾಗಿನಿಂದ ಒಂಟಿಯಾಗಿದ್ದವನಿಗೆ ಇಷ್ಟೊಂದು ಕುರ್ಚಿ ಯಾಕೆಂದು ಕೇಳಿದೆ. "ಮನೇಲೇ ಕೂತರೆ ಊಟಕ್ಕೆ ಯಾರು ಬರ್ತಾರೋ?" ಎಂದು ನಕ್ಕ. ಅವನೂ ತೀರಿಹೋದ ಮೇಲೆ, ಮೊನ್ನೆ ಭಾನುವಾರ, ಟೈರಿನ ಗಾಳಿ ಇಳಿಸಿ ಅವನ ಜೀಪನ್ನು ನಾನೇ ಅಲ್ಲಿಗೆ ಓಡಿಸಿಕೊಂಡು ಹೋದೆ. ಎಲ್ಲೂ ಹೂತುಕೊಳ್ಳಲಿಲ್ಲ. ಎದುರಾದವರೆಲ್ಲ ಕೈಬೀಸಿ ಮುಂದೆ ಹೋದರು.