ಅಜ್ಜಿಯ ಮಂಡಿಗೆ ಕಾವಲು

ಕಾಸಿದ ಹರಳೆಣ್ಣೆಯ ವಾಸನೆ ಎಲ್ಲಿಂದ ಬಂದರೂ ನನಗೆ ಸಿರುಗುಪ್ಪದ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಕೆಡವಿ ಯಾರೋ ಗೊಬ್ಬರದ ಅಂಗಡಿ ಕಟ್ಟಿದ್ದಾರೆ. ಅಲ್ಲಿ ಸಂಜೆಯಾದರೆ ಅವ್ವ ಎಕ್ಕದ ಎಲೆಗೆ ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು, ಅಜ್ಜಿಯ ಮಂಡಿಗೆ ಸುತ್ತುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಮಂಡಿಯೊಂದು ಇದ್ದಿರಬಹುದು. ನನ್ನಜ್ಜಿ ನೆಲ್ಲು ನಾಟಿಯ ಹೆಣ್ಣಾಳುಗಳ ಮುಂದಾಳು. ಕಾಲುವೆಗೆ ನೀರು ಬಿಟ್ಟರೆಂದರೆ ಟ್ರ್ಯಾಕ್ಟರ್ ಹತ್ತಿ ಹಚ್ಚೊಳ್ಳಿವರೆಗೂ ಹೋಗುವಳು, ದಿನವಿಡೀ ಕೆಸರಲ್ಲಿ ಬಗ್ಗಿ ಹಿಂದಹಿಂದಕ್ಕೆ ನಡೆಯುತ್ತ ಸಸಿ ಹಚ್ಚುವಳು. ಅವಳ ಬಾಯಿಗೆ ಹೆದರದ ಗಂಡಸು ನಮ್ಮ ಓಣಿಯಲ್ಲಿರಲಿಲ್ಲ. ಮಂಡಿ ಊದಿಕೊಂಡು, ಕೂತರೆ ಏಳಲಾಗದೆ, ಎದ್ದರೆ ಕಟಕಟ ಎನ್ನತೊಡಗಿದಾಗ ಅಪ್ಪ ಅವಳನ್ನು ಬಳ್ಳಾರಿಗೆ ಕರೆದೊಯ್ದ.

ಎಕ್ಸ್‌ರೇ ನೋಡಿದ ಡಾಕ್ಟರು ಕೀಲು ಸವೆದಿದೆ, ಕೆಸರಿಗಿಳಿಯುವುದು ಬೇಡ, ಆದರೆ ದಿನಾ ಅಷ್ಟಿಷ್ಟು ನಡೆಯಲಿ ಎಂದರಂತೆ. ಅಪ್ಪನ ಕಿವಿಗೆ ಬಿದ್ದದ್ದು ಸವೆದಿದೆ ಎಂಬುದೊಂದೇ. ಟ್ರ್ಯಾಕ್ಟರ್ ಓಡಿಸುವವನು ನೋಡಿ. "ಸವದ ಟೈರು ಎಷ್ಟು ಕಮ್ಮಿ ಓಡತೈತೋ ಅಷ್ಟು ದಿನ ಬರತೈತಿ. ಇನ್ನ ಮ್ಯಾಲೆ ನೀ ಮಂಚ ಬಿಟ್ಟು ಇಳೀಬ್ಯಾಡ, ಯವ್ವ," ಎಂದ. ಕಾವಲಿಗೆ ನನ್ನನ್ನು ಕೂರಿಸಿದ. ಆಗ ನನಗೆ ಒಂಬತ್ತು ವರ್ಷ. ಹೆಮ್ಮೆಯೋ ಹೆಮ್ಮೆ.

ಅಜ್ಜಿ ಕದ್ದು ನಡೆಯುತ್ತಿದ್ದಳು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹಲ್ಲು ಕಚ್ಚಿ, ಗೋಡೆ ಹಿಡಿದು, ಪಡಸಾಲೆಯ ಈ ತುದಿಯಿಂದ ಆ ತುದಿಗೆ. "ನಿಮ್ಮಪ್ಪಗ ಹೇಳಬ್ಯಾಡ, ನನ್ನ ಬಂಗಾರ," ಎಂದು ಗಲ್ಲ ಹಿಡಿದಳು. ನಾನು ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ, ಅವಳ ಮುಂದೆ ಕೂತು ಅತ್ತ. ಮಗನ ಕಣ್ಣೀರು ನೋಡಲಾರದೆ ಅಜ್ಜಿ ಅಂದಿನಿಂದ ಮಂಚ ಬಿಡಲಿಲ್ಲ. ವರ್ಷ ತುಂಬುವುದರೊಳಗೆ ತೊಡೆ ಒಣಗಿ, ಮಡಿಚಿದ ಮಂಡಿ ಮಡಿಚಿದಂತೆಯೇ ಉಳಿಯಿತು. ಬೆನ್ನಿಗೆ ಹುಣ್ಣಾದವು.

ಈಗ ನನ್ನ ಮಂಡಿಯೂ ನೋಯುತ್ತದೆ. ಮೊನ್ನೆ ಬಳ್ಳಾರಿಯ ಡಾಕ್ಟರಮ್ಮ ತೊಡೆಗೆ ಕಸುವು ಬರುವ ವ್ಯಾಯಾಮ ಹೇಳಿಕೊಟ್ಟು, "ಕುಂತುಬಿಟ್ರ ಕಾಲು ಹೋಗ್ತಾವ್ರಿ, ನಡೀರಿ," ಎಂದರು. ಅಜ್ಜಿಗೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತು. ಆ ಚಾಡಿಗಾಗಿ ನನ್ನನ್ನು ನಾನು ಕ್ಷಮಿಸಲಾರೆ.

ಅವಳ ಕೊನೆಯ ಬೇಸಿಗೆಯ ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ನನ್ನ ಕಡೆ ಕೈ ಚಾಚಿದಳು. "ಒಂದೀಟು ನಿಂದ್ರಸಲೇ. ಕಾಲು ನೆಲಕ್ಕ ಹತ್ತಿದ್ರ ಸಾಕು," ಎಂದಳು. ನಾನು ಆ ಕೈಯನ್ನು ಮೆಲ್ಲಗೆ ಮಂಚದ ಮೇಲಿಟ್ಟು, ಹೊದಿಕೆ ಎಳೆದು, "ಬ್ಯಾಡಜ್ಜಿ, ಸವೀತಾವ," ಎಂದೆ.