ನಾನು ತಿದ್ದಿದ ಅಂಕಿಗಳು

ಹಳೆಯ ಪುಸ್ತಕಗಳಿಗೆಲ್ಲ ಒಂದೇ ವಾಸನೆ ಇರುವುದಿಲ್ಲ. ಪುರಾಣದ ಪುಸ್ತಕಕ್ಕೆ ಕರ್ಪೂರ, ದೀಪದೆಣ್ಣೆಯ ವಾಸನೆ ಹತ್ತಿರುತ್ತದೆ. ಕಾಲೇಜಿನ ಗಣಿತದ ಪುಸ್ತಕಕ್ಕೆ ಅಂಟು, ಧೂಳು, ಎಷ್ಟೋ ಹುಡುಗರ ಬೆರಳಿನ ಬೆವರು. ಹೋದ ವಾರ ಪೂರ್ಣಿಮಾ ಲೈಬ್ರರಿಯಿಂದ ತಂದ ಸಂಖ್ಯಾಶಾಸ್ತ್ರದ ದಪ್ಪ ಪುಸ್ತಕವನ್ನು ನನ್ನ ಮಂಚದ ಮೇಲೆ ಬಿಟ್ಟುಹೋಗಿದ್ದಳು. ಎತ್ತಿಡಲು ಹೋದವಳು ಮೂಗಿನ ಹತ್ತಿರ ತಂದೆ. ಕೊನೆಯ ಪುಟಗಳಲ್ಲಿ ಬರೀ ಅಂಕಿಗಳು, ಸಾಲಿನ ಕೆಳಗೆ ಸಾಲು. ನೋಡುತ್ತಾ ಕೂತುಬಿಟ್ಟೆ. "ಅಜ್ಜಿ, ಅದರಾಗ ಕತಿ ಇಲ್ಲ" ಎಂದು ಪೂರ್ಣಿಮಾ ನಕ್ಕಳು. ಇದೆ, ಮೊಮ್ಮಕ್ಕಳೇ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ, ನಾಲ್ಕು ಮಂದಿ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಜ್ಜರಗಿಯಲ್ಲಿ ನಾನು ಹುಟ್ಟಿ ಬೆಳೆದ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಯಾರದೋ ಒಣದ್ರಾಕ್ಷಿ ಶೆಡ್ಡು ಎದ್ದಿದೆ. ಮಣ್ಣಿನ ಮಾಳಿಗೆಯ ಮನೆ ಅದು. ಪಡಸಾಲೆಯ ನೆತ್ತಿಗೆ ಒಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲಿನ ತುಂಡು ಮುಂಜಾನೆ ಬೀಸುವ ಕಲ್ಲಿನ ಹತ್ತಿರ ಇದ್ದರೆ ಮಧ್ಯಾಹ್ನ ಕಂಬದ ಬುಡಕ್ಕೆ ಬರುತ್ತಿತ್ತು. ಅದರ ಹಿಂದೆಯೇ ಚಾಪೆ ಎಳೆದುಕೊಂಡು ಸರಿಯುತ್ತಿದ್ದವನು ನನ್ನ ಕಾಕಾ, ಅಪ್ಪನ ತಮ್ಮ. ವಿಜಯಪುರದಲ್ಲಿ ಬಿ.ಎಸ್‌ಸಿ. ಓದಿ, ಉಳಿದೆಲ್ಲ ಪಾಸಾಗಿ, ಸಂಖ್ಯಾಶಾಸ್ತ್ರ ಒಂದರಲ್ಲೇ ಎರಡು ಸಲ ನಪಾಸಾಗಿದ್ದ. ಕಾಲೇಜು ಮುಗಿದಿತ್ತು, ಹೇಳಿಕೊಡುವವರು ಯಾರೂ ಇರಲಿಲ್ಲ. ಗೆಳೆಯನೊಬ್ಬ ಕಾಲೇಜಿನ ಲೈಬ್ರರಿಯಿಂದ ತನ್ನ ಹೆಸರಿನಲ್ಲಿ ತೆಗೆಸಿಕೊಟ್ಟ ಎರಡು ಪುಸ್ತಕಗಳೇ ಅವನಿಗೆ ಮಾಸ್ತರರು. ಪುಸ್ತಕದಲ್ಲಿ ಕೆಂಪು ಬಿಳಿ ಗೋಲಿಗಳ ಲೆಕ್ಕ ಬಂದರೆ ಕಾಕಾ ಗಡಿಗೆಯಲ್ಲಿ ಕಡಲೆ, ಅಲಸಂದಿ ಬೆರೆಸಿ, ಕಣ್ಣು ಮುಚ್ಚಿ ಒಂದೊಂದೇ ಕಾಳು ತೆಗೆಯುತ್ತಿದ್ದ. ನಾಣ್ಯ ಚಿಮ್ಮುವ ಲೆಕ್ಕ ಬಂದರೆ ನಾವು ಚೌಕಾಬಾರಾ ಆಡಲು ಇಟ್ಟುಕೊಂಡಿದ್ದ ಒಡೆದ ಹುಣಸೆಬೀಜ ಬೇಡಿ ಒಯ್ಯುತ್ತಿದ್ದ.

"ಓದಿ ಓದಿ ಹುಚ್ಚ ಹಿಡದೈತಿ ಇವಗ. ಆ ಕಾಳು ನಾ ಮತ್ತ ಹಸನ ಮಾಡಬೇಕು" ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಗೊಣಗುತ್ತಿದ್ದಳು.

"ಇನ್ನ ಎಂಬತ್ತ ಸಲ ತಗೀಬೇಕವ್ವಾ, ತಡೀ" ಎಂದು ಕಾಕಾ ಕಣ್ಣು ತೆರೆಯದೆಯೇ ಹೇಳುತ್ತಿದ್ದ.

ಪುಸ್ತಕಗಳನ್ನು ಹದಿನೈದು ದಿನಕ್ಕೆ ಮರಳಿಸಬೇಕಿತ್ತು. ಕಾಕಾನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ. ನಾನು ಆಗ ಊರ ಸಾಲೆಯಲ್ಲಿ ಏಳನೆಯ ಇಯತ್ತೆ. "ಶಾಂತವ್ವ, ನಿನ್ನ ಕೈ ಚಂದ ಐತಿ. ಇದ್ದದ್ದು ಇದ್ದಂಗ ಇಳಿಸಿಕೊಡು, ಸಾಕು" ಎಂದ. ನನಗೆ ಇಂಗ್ಲಿಷು ಬರುತ್ತಿರಲಿಲ್ಲ, ಹಾಗಾಗಿ ನಾನು ಬರೆಯಲಿಲ್ಲ, ರಂಗೋಲಿಯಂತೆ ಬಿಡಿಸಿದೆ. ಒಂದು ಚಿಹ್ನೆ ನಿಂತ ಹಾವು, ಇನ್ನೊಂದು ಮುರಿದ ಕುರ್ಚಿ. ಕಾಕಾ ಬಾಯಿಪಾಠ ಒಪ್ಪಿಸುವಾಗ ಪುಸ್ತಕ ಹಿಡಿದು ಕೂತು "ಅಲ್ಲಿ ಹಾವು ಬಿಟ್ಟಿ ಕಾಕಾ" ಎಂದು ನಾನು ತಿದ್ದಿದ್ದೂ ಉಂಟು. ನನ್ನ ಪಕ್ಕದಲ್ಲಿ ಚಿಗವ್ವ ಕೂತು ಹಸಿ ಶಾಯಿಗೆ ಗಾಳಿ ಊದುತ್ತಿದ್ದಳು. ಅವಳು ಕಾಕಾನ ಹೆಂಡತಿ, ಹೊನವಾಡದವಳು, ಮದುವೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ನನ್ನಷ್ಟೇ ಕಡಿಮೆ ಮಾತಿನವಳು. ನಮಗಿಬ್ಬರಿಗೂ ಅದರಿಂದ ಬಹಳ ಸುಖವಿತ್ತು.

ಕೊನೆಗೆ ಉಳಿದದ್ದು ಅಂಕಿಗಳ ಎರಡು ಪುಟ. ಕಣ್ಣು ಕಟ್ಟಿಕೊಂಡು ಚೀಟಿ ಎತ್ತಿದಂತೆ ಬಂದ ಅಂಕಿಗಳು ಅವು, ಅವಕ್ಕೆ ಯಾವ ಕ್ರಮವೂ ಇಲ್ಲ ಎಂದಿದ್ದ ಕಾಕಾ. ಇಳಿಸುತ್ತಾ ಹೋದೆ. ಒಂದೆಡೆ ಏಳು, ಏಳು, ಏಳು ಎಂದು ಸಾಲಾಗಿ ಬಂತು. ಅಚ್ಚು ಹಾಕುವವನಿಗೆ ತೂಕಡಿಕೆ ಬಂದಿರಬೇಕು ಅಂದುಕೊಂಡೆ. ನಡುವಿನ ಏಳನ್ನು ಎರಡು ಮಾಡಿದೆ. ಮುಂದೆ ಮೂರು ಸೊನ್ನೆ ಬಂದವು, ಅವನ್ನೂ ಸರಿಪಡಿಸಿದೆ. ಹೀಗೆ ಕಂಡಲ್ಲೆಲ್ಲ ತಿದ್ದಿದೆ. ಪುಸ್ತಕಕ್ಕೆ ಉಪಕಾರ ಮಾಡಿದೆನೆಂದು ಒಳಗೊಳಗೇ ಹಿಗ್ಗಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಬೇಕೆಂದರೆ ಮಾತಾಡಬೇಕಲ್ಲ. ಪುಸ್ತಕಗಳು ವಿಜಯಪುರಕ್ಕೆ ಮರಳಿದವು.

ಆಮೇಲಿನ ಎರಡು ತಿಂಗಳಲ್ಲಿ ಮನೆಗೆ ಏನೋ ಹಿಡಿದಂತಾಯಿತು. ಕೆಂದೆತ್ತು ಹೊಟ್ಟೆ ಉಬ್ಬಿ ಸತ್ತಿತು. ಒಣ ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ವಾರದೊಳಗೆ ನನ್ನ ಅಜ್ಜ, ನಮ್ಮ ಮುತ್ಯಾ, ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡ. ತಿಕೋಟಾದಲ್ಲಿ ಎಲುಬು ಕಟ್ಟಿಸಿಕೊಂಡು ಬಂದು ಮಂಚ ಹಿಡಿದ. ಓಣಿಯ ಹೆಂಗಸರು ಹೊಸ ಸೊಸೆಯ ಕಾಲ್ಗುಣದ ಮಾತು ತೆಗೆದರು. ಆಯಿ ಮೊದಲು ಕೇಳಿ ಸುಮ್ಮನಾದಳು, ಮುತ್ಯಾ ಬಿದ್ದ ಮೇಲೆ ಹೆದರಿದಳು. ಒಂದು ಮಧ್ಯಾಹ್ನ ಕಾಕಾನನ್ನು ಕರೆದು, "ನಾಳೆ ಬಸ್ಸಿಗೆ ಆಕಿನ್ನ ಹೊನವಾಡಕ್ಕ ಬಿಟ್ಟು ಬಾ. ಯುಗಾದಿ ಆಗ್ಲಿ, ಮುಂದ ನೋಡೂಣು" ಎಂದಳು. ಹಾಗೆ ತವರಿಗೆ ಬಂದವಳೊಬ್ಬಳು ನಮ್ಮ ಓಣಿಯಲ್ಲೇ ಇದ್ದಳು, ಗಂಡನ ಮನೆಯವರು ಅವಳನ್ನು ತಿರುಗಿ ಕರೆದಿರಲಿಲ್ಲ. ಒಳಕೋಣೆಯಲ್ಲಿ ಚಿಗವ್ವ ಸದ್ದಿಲ್ಲದೆ ಸೀರೆ ಮಡಚಿ ಟ್ರಂಕಿಗೆ ಇಡುತ್ತಿದ್ದಳು.

ಕಾಕಾ ಜಗಳಾಡಲಿಲ್ಲ. ನಾನು ಅಂಕಿ ಇಳಿಸಿಕೊಟ್ಟಿದ್ದ ವಹಿ ತಂದು ಆಯಿಯ ಮುಂದೆ ಬಿಚ್ಚಿದ.

"ಅವ್ವಾ, ಇವು ಯಾರೂ ಬೇಕಂತ ಇಟ್ಟ ಅಂಕಿ ಅಲ್ಲ. ಇವುದ್ರಾಗೂ ಒಂದ ಅಂಕಿ ಮೂರು ಸಲ ಸಾಲಾಗಿ ಬರತೈತಿ. ಒಂದ್ ಅಂಕಿ ಬಂದ ಮ್ಯಾಲ ಮತ್ತ ಅದ ಬರೂದು ಹತ್ತರಾಗ ಒಂದು. ಮೂರನೇದೂ ಅದ ಬರೂದು ನೂರರಾಗ ಒಂದು. ಇಲ್ಲಿ ಎರಡು ಸಾವಿರ ಅಂಕಿ ಅದಾವು, ಇಪ್ಪತ್ತು ಕಡೆನರ ಸಿಗಬೇಕು. ನಮ್ಮ ಮನ್ಯಾಗೂ ಹಂಗ ಮೂರು ಬಂದಾವು. ಯಾರ ಕಾಲೂ ಇಲ್ಲ, ಯಾರ ಕೈಯೂ ಇಲ್ಲ."

ಆಯಿಗೆ ಅಂಕಿ ಓದಲು ಬರುತ್ತಿತ್ತು. "ಹೌದಾ? ತೋರಸು" ಎಂದಳು.

ಕಾಕಾನ ಬೆರಳು ಮೊದಲ ಸಾಲಿನಿಂದ ಹೊರಟಿತು. ಹತ್ತು ಸಾಲು, ಇಪ್ಪತ್ತು ಸಾಲು. ಪುಟ ತಿರುವಿದ. ಮತ್ತೆ ಮೊದಲಿನಿಂದ ನೋಡಿದ. ಒಂದೂ ಸಿಗಲಿಲ್ಲ.

"ನಿನ್ನ ಪುಸ್ತಕಾ ಸೈತ ನನ್ನ ಕಡೆ ಐತಿ ನೋಡೋ" ಎಂದಳು ಆಯಿ.

ಕಾಕಾನ ಆ ಮುಖ ನಾನು ಮರೆತಿಲ್ಲ. ಹೆಂಡತಿ ಹೊರಟ ಸಂಕಟದ ಜೊತೆಗೆ, ಬಿಸಿಲಿನ ಹಿಂದೆ ಸರಿದು ಸರಿದು ತಾನು ಕಲಿತದ್ದೆಲ್ಲ ಸುಳ್ಳೇನೋ ಎಂಬ ದಿಗಿಲು ಅದರಲ್ಲಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. "ನಾ ತಿದ್ದೇನಿ" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ.

"ಏನ ತಿದ್ದೀಬೇ?"

"ಮೂರು ಒಂದ ಬಂದಲ್ಲೆಲ್ಲಾ ನಡುವಿಂದು ಬ್ಯಾರೆ ಮಾಡೇನಿ ಕಾಕಾ. ತಪ್ಪು ಅನಿಸ್ತು. ತಾನಾಗೇ ಹಂಗ ಬರೂದುಲ್ಲ, ಯಾರೋ ತಪ್ಪು ಮಾಡ್ಯಾರ ಅಂತ..."

ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಕಾಕಾ ನಗಲು ಶುರುಮಾಡಿದ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಕೇಳಿದೇನವ್ವಾ? ನಿನಗ ಅನಿಸಿದ್ದ ಈಕಿಗೂ ಅನಿಸೈತಿ. ಮೂರು ಸಾಲಾಗಿ ಕಂಡ್ರ ಯಾರದರ ತಪ್ಪು ಇರಬೇಕು ಅಂತ. ಈಕಿ ಅಂಕಿ ಅಳಿಸ್ಯಾಳ. ನೀ ಒಬ್ಬ ಹೆಣ್ಣಮಗಳನ್ನ ಅಳಸಾಕ ಹೊಂಟೀ."

ಆಗ ಮಂಚದಿಂದ ಮುತ್ಯಾ ಕೆಮ್ಮಿದ. "ಹುಡುಗಿ ಹೇಳ್ಯಾಳ, ಇನ್ನ ನಾನೂ ಹೇಳಿಬಿಡ್ತೇನಿ. ಎತ್ತು ಎಳೀ ಜ್ವಾಳದ ದಂಟು ಮೇದು ಸತ್ತೈತಿ. ಬಣವಿಗಿ ಹತ್ತಿದ್ದು ನನ್ನ ಬೀಡಿ ಕಿಡಿ. ಇನ್ನ ಬಿದ್ದದ್ದು, ನನ್ನ ಕಾಲಿಲೇ ಬಿದ್ದೇನಿ, ಆಕಿ ಕಾಲಿಲೇ ಅಲ್ಲ. ಯಾರನ್ನರ ಕಳಸಾಕ ಬೇಕಂದ್ರ ನನ್ನ ಕಳಸು. ಬೀಗರ ಮನ್ಯಾಗ ಹೋಳಗಿ ಚಲೋ ಮಾಡ್ತಾರ."

ಆಯಿ ಯಾರ ಮುಖವನ್ನೂ ನೋಡದೆ ಎದ್ದು ಒಳಕೋಣೆಯ ಬಾಗಿಲಿಗೆ ಹೋದಳು. "ಟ್ರಂಕು ಹಾದ್ಯಾಗ ಇಟ್ರ ಎಡವತಾರ. ಮ್ಯಾಲ ಎತ್ತಿಡು. ಹಿಟ್ಟು ನಾದಾಕ ಬಾ, ಹೊತ್ತಾತು" ಎಂದಳು. ಅಂದು ರೊಟ್ಟಿ ಬಡಿಯುವ ಸದ್ದು ನನಗೆ ಎಂದಿಗಿಂತ ಜೋರಾಗಿ ಕೇಳಿಸಿತು.

ಕಾಕಾ ಆ ಪುಸ್ತಕವನ್ನು ಮತ್ತೊಮ್ಮೆ ತರಿಸಿದ. ಚಿಗವ್ವ ಅಂಕಿ ಓದಿ ಹೇಳಿದಳು, ನಾನು ಇದ್ದದ್ದು ಇದ್ದಂತೆ ಬರೆದೆ. ಆ ಸಲ ಕಾಕಾ ಪಾಸಾದ. ಬಬಲೇಶ್ವರದ ಸಾಲೆಯೊಂದರಲ್ಲಿ ಮಾಸ್ತರನಾಗಿ ಎಷ್ಟೋ ಮಕ್ಕಳಿಗೆ ಗಣಿತ ಕಲಿಸಿದ. ಆಯಿ ಕಾಕಾನ ಶಾಸ್ತ್ರವನ್ನು ಕೊನೆಗೂ ಒಪ್ಪಲಿಲ್ಲ. ಕೆಂದೆತ್ತಿಗೆ ಯಾರದೋ ಕಣ್ಣು ತಾಗಿತ್ತು ಎಂದೇ ಹೇಳುತ್ತಿದ್ದಳು. ಆದರೆ ಚಿಗವ್ವನ ಕಡೆ ಬೆರಳು ಮಾಡಲಿಲ್ಲ, ಮಾಡಿದವರಿಗೆ ಚಹಾ ಕೊಡಲಿಲ್ಲ. ನನ್ನ ಓದು ಏಳನೆಯ ಇಯತ್ತೆಗೇ ನಿಂತಿತು. ಪೂರ್ಣಿಮಾ ಓದುವ ಪುಸ್ತಕದಲ್ಲಿ ನನಗೆ ಈಗಲೂ ಹಾವು, ಕುರ್ಚಿಗಳೇ ಕಾಣುತ್ತವೆ. ಆದರೂ ಕಾಕಾ ನನಗೆ ಕೊಟ್ಟದ್ದು ಸಣ್ಣದಲ್ಲ.

ನಿಮ್ಮ ಅವ್ವ ಸೊಸೆಯಾಗಿ ಬಂದ ನಾಲ್ಕನೆಯ ತಿಂಗಳಿಗೆ ನಿಮ್ಮ ಅಜ್ಜ ತೀರಿಹೋದರು. ಬೆನ್ನಿಗೇ ನನ್ನ ತಮ್ಮ. ಮಾತಾಡಿಸಲು ಬಂದ ಹೆಂಗಸರು, ಚಹಾ ಹಿಡಿದು ನಿಂತಿದ್ದ ನಿಮ್ಮ ಅವ್ವನ ಪಾದದ ಕಡೆ ನೋಡಿ ದನಿ ತಗ್ಗಿಸಿದರು. ಏನು ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. "ಹಂಗ ಅನಬ್ಯಾಡ್ರಿ. ಸಾವು ನೋವು ಬಂದ್ರ ಸಾಲಾಗಿ ಬರತಾವ್ರಿ, ಯಾರೂ ತರೂದುಲ್ಲ" ಎಂದೆ. ಮಂದಿಯ ನಡುವೆ ಅಷ್ಟು ದೊಡ್ಡ ದನಿಯಲ್ಲಿ ನಾನು ಮಾತಾಡಿದ್ದು ಬಾಳಿನಲ್ಲಿ ಎರಡೇ ಸಲ. ಅಂದು ಸಂಜೆ ನಿಮ್ಮ ಅವ್ವ ನನ್ನ ಹತ್ತಿರ ಬಂದು ಕೂತು, ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅಲ್ಲಿಯವರೆಗೆ ಅವಳು ಬರೀ ನನ್ನ ಮಗನ ಹೆಂಡತಿಯಾಗಿದ್ದಳು.

ಕಾಕಾ ಹೋಗಿ ಮೂರು ವರ್ಷವಾಯಿತು. ಅವನು ಹೋದ ಎಂಟು ದಿನಕ್ಕೆ, ಯಾವ ಬೇನೆಯೂ ಇಲ್ಲದ ಚಿಗವ್ವ ಮಲಗಿದಲ್ಲೇ ಹೋದಳು. ಸುದ್ದಿ ತಂದವರು "ಅವನ ಬೆನ್ನ ಹತ್ತಿ ಹೋದಳ್ರಿ" ಎಂದರು. ಅದೊಂದನ್ನು ಮಾತ್ರ ನಾನು ಅಲ್ಲಗಳೆಯಲಿಲ್ಲ.