ಹೊಸ ನರವೂ ಕಟ್ಟಿಕೊಂಡಾಗ

ನನ್ನ ಯಜಮಾನರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುವ ಅಂಗಳ ನೋಡಿಕೊಳ್ಳುತ್ತಿದ್ದರು. ದಿನವಿಡೀ ಓಡಾಟ, ಬಾಯಲ್ಲಿ ಸದಾ ಬೀಡಿ. ನಲವತ್ತು ದಾಟುತ್ತಲೇ ಅವರ ಎಡಗಾಲಿನ ರಕ್ತನಾಳ ಕಟ್ಟಿಕೊಂಡಿತು. ಸ್ವಲ್ಪ ನಡೆದರೂ ಮೀನಖಂಡ ಹಿಂಡಿದಂತೆ ನೋವು. ಮುಂಬಯಿಯ ಡಾಕ್ಟರು ತೊಡೆಯಿಂದಲೇ ಒಂದು ನರ ತೆಗೆದು, ಕಟ್ಟಿದ ಜಾಗವನ್ನು ಬಿಟ್ಟು ಪಕ್ಕದಿಂದ ರಕ್ತ ಹರಿಯುವಂತೆ ಹೊಲಿದು ಕಳಿಸಿದರು. ಆಮೇಲೆ ಕೆಲವು ವರ್ಷ ನಮ್ಮ ಮನೆಯಲ್ಲಿ ಕಾಲಿನ ಮಾತೇ ಬರಲಿಲ್ಲ.

ಅರವತ್ತರ ದಶಕದ ಕೊನೆಗೆ ಒಂದು ನಾಗರ ಅಮಾವಾಸ್ಯೆಯ ಬೆಳಿಗ್ಗೆ, ಪೂಜೆ ಮುಗಿಸಿ ನಮಸ್ಕರಿಸಲು ಅವರ ಪಾದ ಮುಟ್ಟಿದೆ. ಬಲಗಾಲು ಬೆಚ್ಚಗಿತ್ತು. ಎಡಗಾಲು ಬಿಳಿಚಿಕೊಂಡು ತಣ್ಣಗಾಗಿತ್ತು.

"ಕಾಲ ಯಾಕ್ರೀ ಹಿಂಗ ತಣ್ಣಗ ಆಗೇತಿ?"

"ಏನಿಲ್ಲ ಬಿಡ. ನೀರಾಗ ನಿಂತಿದ್ದೆ."

"ಒಂದ ಕಾಲ ಅಷ್ಟ ನಿಂತಿತ್ತೇನ್ರಿ ನೀರಾಗ?"

ಅವರು ಮುಖ ತಿರುಗಿಸಿದರು. ಬಿಡದೆ ಕೇಳಿದಾಗ ಎಲ್ಲ ಹೊರಬಿತ್ತು. ನೋವು ಮರಳಿ ಬಂದು ತಿಂಗಳುಗಳೇ ಆಗಿದ್ದವು. ಮಿಲ್ಲಿಗೆ ಹೋಗುವಾಗ ನೋವು ತಡೆಯಲಾಗದೆ, ನಿಲ್ಲಲು ಒಂದು ನೆಪ ಬೇಕೆಂದು ಎದುರಿಗೆ ಸಿಕ್ಕವರನ್ನೆಲ್ಲ ಮಾತಿಗೆ ನಿಲ್ಲಿಸಿಕೊಳ್ಳುತ್ತಿದ್ದರಂತೆ. ಇವರಿಗೀಗ ಮಾತಿನ ಹುಚ್ಚು ಹಿಡಿದಿದೆ ಎಂದು ಜನ ನಗುತ್ತಿದ್ದರಂತೆ. ಆಪರೇಷನ್ ಆದಮೇಲೆ ಬಿಟ್ಟಿದ್ದ ಬೀಡಿಯೂ ಗುಟ್ಟಾಗಿ ಶುರುವಾಗಿತ್ತು.

"ಮುಂಬಯಿಗೆ ಹೋಗೂಣು ನಡೀರಿ" ಎಂದೆ.

"ಈ ಸಲ ಹೋದ್ರ ಕಾಲ ಕಡೀತಾರ. ನಾ ಬರಂಗಿಲ್ಲ."

"ಇಲ್ಲೇ ಕುಂತ್ರ ಉಳೀತೈತೇನ್ರಿ ಅದು?"

ಅವರು ಎದ್ದು ಗೂಟದ ಮೇಲಿನ ಅಂಗಿ ತೆಗೆದುಕೊಂಡರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅಳ್ನಾವರದಲ್ಲಿ ರೈಲು ಹತ್ತಿದೆವು. ದಾರಿಯಲ್ಲಿ ಅವರು ಒಮ್ಮೆ ಮಾತ್ರ ಬಾಯಿ ಬಿಟ್ಟರು. "ಒಂಟಿ ಕಾಲಿನವಗ ಮಿಲ್ಲಿನಾಗ ಏನ ಕೆಲಸ ಕೊಟ್ಟಾರು?" ಅಂದರು. ನಾನು ರೊಟ್ಟಿ ಮುರಿದು ಅವರ ಕೈಗಿಟ್ಟೆ. ನನಗೂ ಅದೇ ಭಯವಿತ್ತು.

ಹಳೆಯ ಡಾಕ್ಟರೇ ಸಿಕ್ಕರು. ಬೆಳಗಾವಿ ಕಡೆಯವರು, ನಮ್ಮ ಮಾತು ಬಲ್ಲವರು. ರಕ್ತನಾಳಕ್ಕೆ ಔಷಧ ಹಾಕಿ ಎಕ್ಸ್-ರೇ ತೆಗೆಸಿ, ನನ್ನನ್ನು ಕರೆದು ತೋರಿಸಿದರು. ಬಿಳಿ ಗೆರೆಯೊಂದು ತೊಡೆಯಿಂದ ನೆಟ್ಟಗೆ ಇಳಿದು, ಮೊಣಕಾಲಿನ ಮೇಲೆ ದಾರದಷ್ಟು ಸಣ್ಣಗಾಗಿತ್ತು.

"ನೋಡ ತಂಗಿ, ಮೊದಲಿನ ನಾಳದಾಗ ಕಟ್ಟಿದ್ದ ಜಿಡ್ಡು ಈಗ ನಾವು ಹಾಕಿದ ನರದಾಗೂ ಕಟ್ಟಾಕ ಹತ್ತೇತಿ. ನರ ಹೊಸಾದಾದ್ರೂ ಮೈ ಹಳೇದ, ಬೀಡೀನೂ ಹಳೇದ. ಆದ್ರ ಪೂರ್ತಿ ಮುಚ್ಚಿಲ್ಲ. ಮುಚ್ಚಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ."

"ಕಾಲ ಉಳೀತೈತೇನ್ರಿ?"

"ಇನ್ನೊಂದು ನರದ ತುಂಡು ತಗೊಂಡು ಆ ಜಾಗಾ ಅಗಲ ಮಾಡತೇನಿ. ಉಳೀತೈತಿ ಅಂತನ ಅನಸ್ತದ."

ಯಜಮಾನರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಆದರೆ ಬಾಯಲ್ಲಿ ಒಂದು ಮಂತ್ರವೂ ನಿಲ್ಲಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಬಂದು, "ಬಾ" ಎಂದು ಒಳಗೆ ಕರೆದರು. ನನ್ನ ಬೆರಳು ಹಿಡಿದು ಯಜಮಾನರ ಎಡಪಾದದ ಮೇಲೆ ಇಟ್ಟರು. ಚರ್ಮದಡಿಯಲ್ಲಿ ಏನೋ ಮೆಲ್ಲಗೆ ಮಿಡಿಯುತ್ತಿತ್ತು. ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ. ಮದ್ದಿನ ಮಂಪರಿನಲ್ಲೇ ಅವರು, "ಐತೇನ, ಕಾಲು?" ಎಂದು ಕೇಳಿದರು.

"ಐತ್ರಿ. ಬೆಚ್ಚಗ ಐತಿ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಬಿಡುಗಡೆಯ ದಿನ ಡಾಕ್ಟರು, "ಇದೂ ಶಾಶ್ವತ ಅಲ್ಲ, ವರ್ಷಕ್ಕೊಮ್ಮೆ ಬಂದು ತೋರಸ್ರಿ. ಬೀಡಿ ಮುಟ್ಟಿದ್ರ ಮಾತ್ರ ನನ್ನ ಕಡೆ ಬರಬ್ಯಾಡ್ರಿ" ಎಂದು ಗದರಿಸಿದರು. ಯಜಮಾನರು ತಲೆ ತಗ್ಗಿಸಿ ಹೂಂಗುಟ್ಟಿದರು, ಮಾತಿನಂತೆ ನಡೆದರು ಕೂಡ. ಆದರೆ ಬೀಡಿ ಬಿಟ್ಟ ಸಿಟ್ಟೆಲ್ಲ ನನ್ನ ಅಡಿಗೆಯ ಮೇಲೆ ತಿರುಗಿತು. ಊರಿಗೆ ಬಂದ ಮೊದಲ ದಿನವೇ, ಸಾರಿಗೆ ಉಪ್ಪಿಲ್ಲ, ಪಲ್ಲೆ ಬೆಂದಿಲ್ಲ ಎಂದು ಮನೆಯ ಸೂರು ಕಿತ್ತುಹೋಗುವಂತೆ ಕೂಗಾಡಿದರು. ನಾನು ಉಪ್ಪಿನ ಬಟ್ಟಲನ್ನು ಅವರ ಮುಂದಿಟ್ಟು, ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಮನಸಾರೆ ನಕ್ಕೆ.